ಗಿರಣಿ ಮನೆಯ ಎರಡು ಪಂಪು

ನಮ್ಮ ಮನೆಗೆ ಮುಂಬಾಗಿಲು ಅನ್ನುವುದು ಇರಲಿಲ್ಲ, ಗಿರಣಿ ಇತ್ತು. ದೋರನಹಳ್ಳಿಯ ರಸ್ತೆಯಿಂದ ಯಾರು ಒಳಗೆ ಬರಬೇಕಾದರೂ ಮೊದಲು ಜೋಳ ಬೀಸುವ ಗಿರಣಿ ದಾಟಬೇಕು, ಆಮೇಲೆ ಖಾರ ಕುಟ್ಟುವ ಮಷಿನ್ ದಾಟಬೇಕು, ಮೂರು ಮೆಟ್ಟಿಲು ಹತ್ತಬೇಕು, ಆಗ ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಬಗಲಿಗೆ ದೇವರ ಕೋಣೆ, ಕೊನೆಗೆ ಹಿತ್ತಲು. ಗಿರಣಿಗೂ ಪಡಸಾಲೆಗೂ ನಡುವೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಅಲ್ಲಿ ಅವ್ವ ಹಳೆಯ ಸೀರೆಯೊಂದನ್ನು ಇಳಿಬಿಟ್ಟಿದ್ದಳು. ಒಂದು ಬಾಗಿಲು ಹಚ್ಚಿಸಿ ಎಂದು ಅವಳು ಅಪ್ಪನಿಗೆ ನಾನು ಹುಟ್ಟುವ ಮೊದಲಿನಿಂದ ಹೇಳುತ್ತಿದ್ದಳಂತೆ. ಗಿರಾಕಿ ಬಂದದ್ದು ಒಳಗೆ ಕೂತವರಿಗೆ ಕಾಣಬೇಕು ಎನ್ನುವುದು ಅಪ್ಪನ ವಾದ. ಹಾಗಾಗಿ ನಮ್ಮಲ್ಲಿ ಹಿಟ್ಟು ಬೀಳದ ಜಾಗವೇ ಇರಲಿಲ್ಲ. ದೇವರ ಮೇಲೆ ಹಿಟ್ಟು, ಹಾಸಿಗೆಯ ಮೇಲೆ ಹಿಟ್ಟು, ಕುಡಿಯುವ ನೀರಿನ ಕೊಡದ ಮುಚ್ಚಳದ ಮೇಲೆ ಹಿಟ್ಟು. ಬೇಸಿಗೆ ಬಂತೆಂದರೆ ಬಿಳಿ ಹೋಗಿ ಕೆಂಪು. ಊರ ಹೆಂಗಸರು ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಹುರಿದು, ಕೊತ್ತಂಬರಿ ಬೀಜ, ಒಣಕೊಬ್ಬರಿ ಸೇರಿಸಿ ಬುಟ್ಟಿಗಟ್ಟಲೆ ತರುತ್ತಿದ್ದರು. ಖಾರ ಕುಟ್ಟಿಸುವಾಗ ಸೆರಗು ಮೂಗಿಗೆ ಹಿಡಿದು ಸೀನುತ್ತಿದ್ದರು, ಸೀನಿ ನಗುತ್ತಿದ್ದರು, ನಕ್ಕು ಮನೆಗೆ ಹೋಗುತ್ತಿದ್ದರು. ನನಗೆ ಹೋಗಲು ಬೇರೆ ಮನೆ ಇರಲಿಲ್ಲ.

ನನಗೆ ದಮ್ಮು ಇತ್ತು. ಊರಿನ ಭಾಷೆಯಲ್ಲಿ ಅದಕ್ಕೆ ಅದೊಂದೇ ಹೆಸರು. ಎರಡನೇ ಇಯತ್ತೆಯಲ್ಲಿ ಶುರುವಾದದ್ದು. ಎದೆ ಬಿಗಿದು, ಭುಜ ಎರಡೂ ಮೇಲಕ್ಕೆದ್ದು, ಎಳೆದ ಉಸಿರು ಒಳಗೇ ಸಿಕ್ಕಿಕೊಂಡು ಹೊರಗೆ ಬರದೆ ಹೋಗುವುದು. ಉಸಿರು ತೆಗೆದುಕೊಳ್ಳಲು ಆಗುವುದಿಲ್ಲ ಎಂದು ಜನ ತಿಳಿಯುತ್ತಾರೆ. ಬಿಡಲು ಆಗುವುದಿಲ್ಲ, ಅದು ಸಂಕಟ. ಇದನ್ನು ನಾನು ಮನೆಯಲ್ಲಿ ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಪ್ರತಿ ಸಲವೂ "ಉಸರ ಜೋರಾಗಿ ಎಳಕೋ ಯವ್ವಾ, ಎಳಕೋ" ಎಂದು ಬೆನ್ನು ಗುದ್ದುತ್ತಿದ್ದಳು. ಒಳಗೆ ಇದ್ದದ್ದೇ ಹೋಗಲು ದಾರಿಯಿಲ್ಲ, ಇನ್ನೂ ಎಳೆದುಕೋ ಎಂದರೆ ಎಲ್ಲಿಗೆ. ಮಾತಾಡಲು ಉಸಿರು ಸಾಲದ್ದರಿಂದ ಸುಮ್ಮನೆ ಅವಳ ಕೈ ತಳ್ಳುತ್ತಿದ್ದೆ. ಹುಡುಗಿಗೆ ಸೊಕ್ಕು ಬಹಳ ಎಂದು ಅವಳು ಬೇಜಾರು ಮಾಡಿಕೊಳ್ಳುತ್ತಿದ್ದಳು.

ಏಳನೇ ಇಯತ್ತೆಯಲ್ಲಿದ್ದಾಗ ಅಪ್ಪ ಅವ್ವ ಇಬ್ಬರೂ ನನ್ನನ್ನು ಶಹಾಪುರದ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ತಾಳ್ಮೆಯ ಮನುಷ್ಯ. ಮೇಜಿನ ಮೇಲೆ ಎರಡು ಇನ್ಹೇಲರ್ ಇಟ್ಟರು, ಒಂದು ನೀಲಿ, ಒಂದು ಕಂದು. ಒಂದು ಖಾಲಿ ನೀರಿನ ಬಾಟಲಿಯ ತಳಕ್ಕೆ ತೂತು ಕೊರೆದು, ಅದರಲ್ಲಿ ಇನ್ಹೇಲರಿನ ಬಾಯಿ ಸಿಕ್ಕಿಸಿ, ಬಾಟಲಿಯ ಬಾಯಿಯನ್ನು ನನ್ನ ಬಾಯಿಗೆ ಕೊಟ್ಟು ಹೇಗೆ ಎಳೆಯಬೇಕೆಂದು ತೋರಿಸಿದರು. ಮೊದಲು ಅಲುಗಾಡಿಸು, ಉಸಿರು ಪೂರ್ತಿ ಬಿಡು, ಒತ್ತು, ನಿಧಾನಕ್ಕೆ ಎಳೆ, ಹತ್ತು ಎಣಿಸುವವರೆಗೆ ಹಿಡಿ. ಕಂದು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳು. ಆಮೇಲೆ ಅವರು ಹೇಳಿದ್ದು ನನಗೆ ಈಗಲೂ ಅಕ್ಷರ ಬಿಡದೆ ನೆನಪಿದೆ.

"ಕಂದು ಬಣ್ಣದ್ದು ದಿನಾ ಎರಡು ಹೊತ್ತು. ಆರಾಮ ಇದ್ರೂ ತಗೋಬೇಕು. ಅದು ಒಳಗಿನ ಬಾವು ಇಳಸ್ತದ, ಸಾವಕಾಶ ಇಳಸ್ತದ. ನೀಲಿದು ದಮ್ಮು ಹತ್ತಿದಾಗ ಅಷ್ಟ. ನೀಲಿ ಜಾಸ್ತಿ ಬೇಕಾಗ್ಲಾಕತ್ತದ ಅಂದ್ರ ಕಂದು ಸರಿ ಹೋಗವಲ್ದು ಅಂತ ತಿಳಕೊಂಡು ನನ್ನ ಕಡಿ ಬರ್ರಿ."

"ಹೌದ್ರಿ" ಎಂದ ಅಪ್ಪ.

"ಮತ್ತ ಧೂಳಿನಾಗ ಇಡಬ್ಯಾಡ್ರಿ ಹುಡುಗಿಗೆ. ಏನು ಕೆಲಸ ನಿಮ್ಮದು?"

"ಒಕ್ಕಲತನ ರಿ" ಎಂದ ಅಪ್ಪ.

ಅವ್ವ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ನಮಗೆ ಊರ ಹೊರಗೆ ಎರಡು ಎಕರೆ ತೊಗರಿ ಹೊಲ ಇದ್ದದ್ದು ನಿಜ, ಅದನ್ನು ಪಾಲಿಗೆ ಕೊಟ್ಟಿದ್ದೆವು. ಗಿರಣಿ ಶರಣಪ್ಪ ಎಂದರೆ ಮಾತ್ರ ಊರಲ್ಲಿ ಅಪ್ಪನ ಗುರುತು ಹತ್ತುತ್ತಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ ಕೇಳಿದ್ದಕ್ಕೆ, ಎಲ್ಲವನ್ನೂ ಅವರ ಮುಂದೆ ಬಿಚ್ಚಿಡುವ ಗರಜೇನಿತ್ತು ಎಂದ. ಆ ಒಂದು ಸುಳ್ಳಿನ ಮೇಲೆ ನನ್ನ ಮುಂದಿನ ಮೂರು ವರ್ಷ ನಿಂತಿತು.

ಎರಡೂ ಇನ್ಹೇಲರಿಗೆ ನಮ್ಮ ಮನೆಯಲ್ಲಿ ಪಂಪು ಎಂದೇ ಹೆಸರಾಯಿತು. ನೀಲಿ ಪಂಪು ಬಂದ ದಿನವೇ ಎಲ್ಲರ ಮನಸ್ಸು ಗೆದ್ದಿತು. ಎರಡು ಸಲ ಎಳೆದ ಐದು ನಿಮಿಷಕ್ಕೆ ನನ್ನ ಭುಜ ಕೆಳಗಿಳಿದದ್ದನ್ನು ಕಂಡು ಆಯಿ ಅದನ್ನು ಹಣೆಗೆ ಮುಟ್ಟಿಸಿಕೊಂಡಳು. ಕಂದು ಪಂಪಿಗೆ ಆ ಭಾಗ್ಯ ಇಲ್ಲ. ಎಳೆದರೆ ಏನೂ ಆಗುವುದಿಲ್ಲ, ಕೆಮ್ಮು ನಿಲ್ಲುವುದಿಲ್ಲ, ಎದೆ ಹಗುರಾಗುವುದಿಲ್ಲ. ಆದರೂ ಅವ್ವ ಡಾಕ್ಟರು ಹೇಳಿದ್ದೆಂದು ಹಟ ಹಿಡಿದು ದಿನಾ ಎರಡು ಹೊತ್ತು ಕೊಟ್ಟಳು. ಒಂದು ತಿಂಗಳಾಗುವ ಹೊತ್ತಿಗೆ ನಾನು ಶಾಲೆಗೆ ಓಡಿಕೊಂಡು ಹೋಗುವಂತಾದೆ. ಅದೇ ನಾನು ಮಾಡಿದ ತಪ್ಪು. ಓಡಬಾರದಿತ್ತು.

"ಆರಾಮ ಆಗ್ಯಾಳಲ್ಲ, ಇನ್ನ ಯಾಕ ಅದು?" ಎಂದ ಅಪ್ಪ.

"ಆರಾಮ ಇದ್ರೂ ತಗೋಬೇಕಂತ ಹೇಳ್ಯಾರಲ್ರಿ" ಎಂದಳು ಅವ್ವ.

"ಅವ್ರು ಹೇಳ್ತಾರ. ಹಿಟ್ಟು ಬೀಳಲಾರದ ಗಿರಣಿಗಿ ಯಾರರ ಕಾಳು ತರ್ತಾರೇನು? ಇದು ಎಳದ್ರ ಏನೂ ಆಗಂಗಿಲ್ಲ ಅಂತ ಆಕಿನ ಹೇಳ್ತಾಳ. ದಿನಾ ತಗೊಂಡ್ರ ಚಟಾ ಆಗ್ತದ. ನಾಳಿ ಬೀಗರ ಮನ್ಯಾಗ ಇದನ್ನ ಹಿಡಕೊಂಡು ಕೂಡ್ತಾಳೇನು?"

ಬೀಗರ ಮಾತು ಬಂದ ಕೂಡಲೇ ಆಯಿಯೂ ಅಪ್ಪನ ಕಡೆ ಆದಳು. ಹನ್ನೆರಡು ವರ್ಷದವಳ ಬೀಗರು ಎಲ್ಲಿದ್ದರೋ ಏನೋ, ಅವರ ಮರ್ಯಾದೆಗಾಗಿ ನನ್ನ ಕಂದು ಪಂಪು ಬಂದ್ ಆಯಿತು. ಇಪ್ಪತ್ತು ದಿನಕ್ಕೆ ಮತ್ತೆ ದಮ್ಮು ಶುರು. ಮತ್ತೆ ಕಂದು ಶುರು. ಮತ್ತೆ ಆರಾಮ, ಮತ್ತೆ ಬಂದ್. ನನಗೆ ತಲೆ ಕೆಟ್ಟು ಹೋಯಿತು. ಅಪ್ಪ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಮೋಟರಿನ ಬೇರಿಂಗಿಗೆ ಗ್ರೀಸ್ ಹಚ್ಚುವುದನ್ನು ನೋಡುತ್ತಿದ್ದೆ. ಒಂದು ದಿನ ಹೋಗಿ ಎದುರಿಗೆ ನಿಂತೆ.

"ಅಪ್ಪಾ, ಗಿರಣಿ ಚಲೋ ನಡೀಲಾಕತ್ತದಲ್ಲ, ದಿನಾ ಯಾಕ ಗ್ರೀಸ್ ಹಚ್ತಿ?"

"ಹಚ್ಚಲಿಲ್ಲಂದ್ರ ಜಾಮ್ ಆಗ್ತದ."

"ಕಂದು ಪಂಪೂ ಹಂಗ ಅದ. ಜಾಮ್ ಆಗಬಾರ್ದು ಅಂತ."

ಅಪ್ಪ ಬೆರಳಿಗೆ ಹತ್ತಿದ ಗ್ರೀಸನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡ. ಈಗ ತಿಳಿಯಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

"ಮಷಿನ್ ಬ್ಯಾರೆ, ಮನಷ್ಯಾ ಬ್ಯಾರೆ" ಎಂದು ಪಟ್ಟಾ ಏರಿಸಿದ. ಗಿರಣಿಯ ಸದ್ದಿನಲ್ಲಿ ಮುಂದೆ ನಾನು ಏನು ಹೇಳಿದರೂ ಕೇಳುವಂತಿರಲಿಲ್ಲ.

ಆಗ ನಾನು ಲೆಕ್ಕ ಇಡಲು ಶುರು ಮಾಡಿದೆ. ಅಡುಗೆಮನೆಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ನೀಲಿ ಪಂಪು ಎಳೆದ ದಿನ ಆ ತಾರೀಖಿನ ಮನೆಯೊಳಗೆ ಪೆನ್ಸಿಲಿನಿಂದ ಗೀಟು ಎಳೆಯುತ್ತಿದ್ದೆ, ಎಷ್ಟು ಸಲ ಎಳೆದೆನೋ ಅಷ್ಟು ಗೀಟು. ಎರಡು ತಿಂಗಳ ಮೇಲೆ ದೂರ ನಿಂತು ನೋಡಿದರೆ ಗೀಟಿಲ್ಲದ ದಿನಗಳು ಎದ್ದು ಕಾಣುತ್ತಿದ್ದವು. ಎರಡು ಅಮಾವಾಸ್ಯೆ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಐದು ದಿನ ಕರೆಂಟ್ ಇಲ್ಲದೆ ಹೋದಾಗ ಆ ಐದೂ ದಿನ. ಅಂದರೆ ಗಿರಣಿ ನಿಂತ ದಿನಗಳು. ಅಮಾವಾಸ್ಯೆಗೆ ಅಪ್ಪ ಗಿರಣಿ ಬಂದ್ ಇಟ್ಟು, ತೊಳೆದು, ಕುಂಕುಮ ಹಚ್ಚಿ, ಲಿಂಬೆಹಣ್ಣು ಕೊಯ್ದು, ಕಾಯಿ ಒಡೆಯುತ್ತಿದ್ದ. ನನಗೆ ಅದನ್ನು ಕಂಡುಹಿಡಿದ ದಿನ ಎಷ್ಟು ಖುಷಿಯಾಯಿತೆಂದರೆ ಸಂಜೆ ಮೂವರೂ ಊಟಕ್ಕೆ ಕೂತಾಗ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದು ತಾಟುಗಳ ನಡುವೆ ಹರವಿದೆ. ಒಂದೊಂದು ದಿನದ ಮೇಲೂ ಬೆರಳಿಟ್ಟು ತೋರಿಸಿದೆ. ಇಲ್ಲಿ ಅಮಾವಾಸ್ಯೆ, ಗೀಟಿಲ್ಲ. ಇಲ್ಲಿ ಕರೆಂಟ್ ಇಲ್ಲ, ಗೀಟಿಲ್ಲ. ಇಲ್ಲಿ ಮತ್ತೆ ಅಮಾವಾಸ್ಯೆ.

ಮೊದಲು ಬಾಯಿ ತೆರೆದವಳು ಆಯಿ.

"ನೋಡಿದ್ಯಾ ಶರಣಾ, ಅಮಾಸಿ ದಿನ ಪೂಜಿ ಮಾಡ್ತೀವಿ, ಆಕಿಗಿ ದಮ್ಮು ಹತ್ತಂಗಿಲ್ಲ. ಗಿರಣ್ಯಾಗಿನ ತಾಯಿ ಕಾಯ್ಲಾಕತ್ಯಾಳ."

"ಆಯಿ, ಅದು ಪೂಜಿಗಿ ಅಲ್ಲ, ಗಿರಣಿ ಬಂದ್ ಇರ್ತದ ಅದಕ್ಕ" ಎಂದೆ.

"ಬಂದ್ ಇಟ್ಟು ಪೂಜಿ ಮಾಡ್ತೀವಿ ಅದಕ್ಕ."

"ಕರೆಂಟ್ ಹೋದಾಗ ಏನು ಪೂಜಿ ಮಾಡಿದ್ರಿ?"

"ಕರೆಂಟ್ ಹೋಗ್ಲಿ ಅಂತ ಯಾರರ ಅಂತಾರೇನು, ಅಪಶಕುನದಕಿ" ಎಂದು ಆಯಿ ನನ್ನ ತಲೆಗೆ ಮೊಟಕಿದಳು. ಖರೆ ಹೇಳಬೇಕೆಂದರೆ ನಾನು ಹಾಗೆ ಅನ್ನುತ್ತಿದ್ದೆ. ಶಾಲೆಗೆ ಹೋಗುವಾಗ ಹಾದಿಯ ಪ್ರತಿ ಗುಡಿಯ ಮುಂದೂ ನಿಂತು, ದೇವರೇ ಇವತ್ತು ಕರೆಂಟ್ ಹೋಗಲಿ ಎಂದು ಕೈ ಮುಗಿಯುತ್ತಿದ್ದೆ. ನಾವು ಉಣ್ಣುತ್ತಿದ್ದದ್ದೇ ಆ ಕರೆಂಟಿನಿಂದ.

ಮರುದಿನದಿಂದ ಆಯಿ ಹೊಸ ಪದ್ಧತಿ ತಂದಳು. ತಿಂಗಳಿಗೊಂದು ಪೂಜೆಯಿಂದ ಒಂದು ದಿನ ಆರಾಮ ಇರುವುದಾದರೆ ದಿನಾ ಪೂಜೆಯಿಂದ ದಿನಾ ಆರಾಮ. ಅವಳ ಲೆಕ್ಕ ಅಷ್ಟು ಸರಳ. ಬೆಳಿಗ್ಗೆ ಸ್ನಾನ ಮಾಡಿ ನಾನು ಗಿರಣಿಯ ಹತ್ತಿರ ಹೋಗಬೇಕು, ಕಾಳು ಸುರಿಯುವ ಡಬ್ಬಕ್ಕೆ ಹಣೆ ಮುಟ್ಟಿಸಬೇಕು, ಅಪ್ಪ ಮೋಟರ್ ಚಾಲೂ ಮಾಡಿದ ಮೇಲೆ ಮೊದಲು ಉದುರುವ ಹಿಟ್ಟನ್ನು ಆಯಿ ಬೆರಳಲ್ಲಿ ತೆಗೆದು ನನ್ನ ಹಣೆಗೂ ಗಂಟಲಿಗೂ ಎದೆಗೂ ಹಚ್ಚಬೇಕು. ಯಾವ ಹಿಟ್ಟಿನಿಂದ ಉಸಿರು ಕಟ್ಟುತ್ತಿತ್ತೋ ಅದೇ ಹಿಟ್ಟು. ಮಗುವಿಗೆ ಮದ್ದಾಗಲೆಂದು ಪ್ರೀತಿಯಿಂದಲೇ ಹಚ್ಚುತ್ತಿದ್ದಳು, ಅದಕ್ಕೇ ನನಗೆ ಇನ್ನೂ ಸಿಟ್ಟು. ಬೈದು ಹಚ್ಚಿದ್ದರೆ ಜಗಳವಾಡಬಹುದಿತ್ತು. ಪೂಜೆ ಶುರುವಾದ ಮೇಲೆ ಕಂದು ಪಂಪು ಬೇಡವೇ ಬೇಡ ಎಂದಾಯಿತು, ಎರಡನ್ನೂ ಒಟ್ಟಿಗೆ ನಡೆಸಿದರೆ ತಾಯಿಗೆ ನಮ್ಮ ಮೇಲೆ ನಂಬಿಕೆ ಇಲ್ಲದಂತೆ ಆಗುತ್ತದಂತೆ. ಅವ್ವ ಎರಡು ದಿನ ತಕರಾರು ತೆಗೆದು ಸೋತಳು. ಅಪ್ಪ ಮಾತ್ರ ಇದರಲ್ಲಿ ಯಾರ ಕಡೆಯೂ ಮಾತಾಡಲಿಲ್ಲ. ಕ್ಯಾಲೆಂಡರ್ ಹರವಿದ ಸಂಜೆ ಅವನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದು ಹೋಗಿದ್ದ. ಅವನಿಗೆ ಲೆಕ್ಕ ಅರ್ಥವಾಗಿತ್ತು. ಅರ್ಥವಾಗದ ಆಯಿಯನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅರ್ಥವಾಗಿಯೂ ಎದ್ದು ಹೋದವನ ಮೇಲಿನ ಸಿಟ್ಟು ಹೋಗಲು ಬಹಳ ವರ್ಷ ಬೇಕಾಯಿತು.

ಹತ್ತನೇ ಇಯತ್ತೆಗೆ ಬಂದೆ. ಪರೀಕ್ಷೆ ಬರುವುದು ಬೇಸಿಗೆಯಲ್ಲಿ, ಖಾರ ಕುಟ್ಟುವುದೂ ಬೇಸಿಗೆಯಲ್ಲಿ. ಪಾಸಾದರೆ ಶಹಾಪುರದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದಬಹುದು ಎಂದು ನಮ್ಮ ಮೇಡಂ ಹೇಳಿದ್ದರು. ನನಗೆ ಓದುವುದಕ್ಕಿಂತ ಹಾಸ್ಟೆಲು ಮುಖ್ಯವಾಗಿತ್ತು. ಗಿರಣಿ ಇಲ್ಲದ ಮನೆ, ಚೌಕಟ್ಟಿಗೆ ಬಾಗಿಲಿರುವ ಮನೆ. ನಾಪಾಸಾದರೆ ಮುಂದೇನೆಂದು ಆಯಿ ಮೊದಲೇ ಹೇಳಿಟ್ಟಿದ್ದಳು, ಸುರಪುರದ ಕಡೆ ಅವಳ ತಂಗಿಯ ಮೊಮ್ಮಗನೊಬ್ಬ ಇದ್ದ. ಹಾಗಾಗಿ ಆ ಆರು ಪೇಪರುಗಳಲ್ಲಿ ನನ್ನ ಪ್ರಾಣವೇ ಇತ್ತು. ಸಂಕ್ರಾಂತಿ ಮುಗಿಯುತ್ತಿದ್ದಂತೆ ಬುಟ್ಟಿಗಳು ಬರತೊಡಗಿದವು, ನನ್ನ ಎದೆ ಸೀಟಿ ಹೊಡೆಯತೊಡಗಿತು. ಕಂದು ಪಂಪು ತಂದುಕೊಡಿ ಎಂದು ಅತ್ತೆ, ಉಪವಾಸ ಕೂತೆ. ಪರೀಕ್ಷೆ ಮುಗಿಯಲಿ, ಆಮೇಲೆ ಡಾಕ್ಟರ ಹತ್ತಿರ ಹೋಗೋಣ ಎಂದ ಅಪ್ಪ. ಪರೀಕ್ಷೆ ಮುಗಿದ ಮೇಲೆ ಯಾರಿಗೆ ಬೇಕು.

ಅದರ ಮೇಲೆ ಇನ್ನೊಂದು ಕಿರಿಕಿರಿ ಶುರುವಾಯಿತು. ನೀಲಿ ಪಂಪು ಬೇಗ ಬೇಗ ಮುಗಿಯತೊಡಗಿತು. ಪಡಸಾಲೆಯ ಗೂಡಿನಲ್ಲಿ ಅದರ ಜಾಗ. ಹಿಂದೆ ಮೂರು ತಿಂಗಳು ಬರುತ್ತಿದ್ದದ್ದು ಒಂದೇ ತಿಂಗಳಿಗೆ ಬರೀ ಗಾಳಿ ಬಿಡುತ್ತಿತ್ತು. ನನ್ನ ಗೀಟು ಎಣಿಸಿದರೆ ಅರ್ಧವೂ ಆಗಿರಲಿಲ್ಲ.

"ಇಷ್ಟು ಜಲ್ದಿ ಹೆಂಗ ಮುಗೀತು? ಚಟಾ ಹಚ್ಚಿಕೊಂಡಿ ಏನು ಮಾದೇವಿ?" ಎಂದಳು ಅವ್ವ.

"ಇಲ್ಲವ್ವಾ, ಗೀಟು ನೋಡು ಬೇಕಾದ್ರ."

"ಗೀಟು ನೀನೇ ಹಾಕಾಕಿ. ಕದ್ದು ತಗೊಂಡಿದ್ದಕ್ಕ ಗೀಟು ಹಾಕ್ತೀ ಏನು?"

ಅಪ್ಪ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. "ಹೋಗ್ಲಿ ಬಿಡು, ಹೊಸಾದು ತರ್ತೀನಿ" ಎಂದ. ಅಪ್ಪ ನನ್ನ ಪರ ಮಾತಾಡಿದ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಈಗ ನೆನೆಸಿಕೊಂಡರೆ ಆ ಕಣ್ಣೀರಿಗಾಗಿ ನನ್ನನ್ನೇ ಬೈದುಕೊಳ್ಳಬೇಕೆನಿಸುತ್ತದೆ.

ಗಣಿತದ ಪೇಪರಿನ ದಿನ. ಪರೀಕ್ಷೆ ಶಹಾಪುರದಲ್ಲಿ, ಹತ್ತೂವರೆಗೆ. ಆ ವಾರ ತ್ರೀಫೇಸ್ ಕರೆಂಟ್ ಬೆಳಿಗ್ಗೆ ಮಾತ್ರ ಕೊಡುತ್ತಿದ್ದರು, ಹಾಗಾಗಿ ಅಪ್ಪ ಆರು ಗಂಟೆಗೇ ಖಾರದ ಮಷಿನ್ ಚಾಲೂ ಮಾಡಿದ್ದ. ನಾನು ಹಿತ್ತಲಲ್ಲಿ ಬೇವಿನ ಗಿಡದ ಬುಡಕ್ಕೆ ಕೂತು ಪ್ರಮೇಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಎಂಟು ಗಂಟೆಗೆ ಯೂನಿಫಾರ್ಮ್ ಹಾಕಿಕೊಳ್ಳಲು ಒಳಗೆ ಬಂದೆ, ಗುಂಡಿ ಹಾಕುವಷ್ಟರಲ್ಲಿ ಎದೆ ಹಿಡಿಯಿತು. ಗೂಡಿಗೆ ಕೈ ಹಾಕಿದರೆ ಪಂಪು ಇಲ್ಲ. ಮೂರು ದಿನದ ಹಿಂದೆ ತಂದ ಹೊಸ ಪಂಪು. ಹಾಸಿಗೆ ಕೊಡವಿದೆ, ಚೀಲ ಸುರಿದೆ. ಅವ್ವ ಬಾವಿಗೆ ಹೋಗಿದ್ದಳು, ಆಯಿ ದೇವರ ಕೋಣೆಯಲ್ಲಿದ್ದಳು. ಕೂಗಲು ಉಸಿರಿರಲಿಲ್ಲ. ಮೋಟರ್ ನಿಲ್ಲಿಸು ಎಂದು ಅಪ್ಪನಿಗೆ ಹೇಳಬೇಕೆಂದು ಸೀರೆ ಸರಿಸಿ ಮೆಟ್ಟಿಲು ಇಳಿದೆ.

ಒಳಗೆಲ್ಲ ಕೆಂಪು ಧೂಳು. ರಸ್ತೆಯ ಕಡೆ ಮೂರು ನಾಲ್ಕು ಹೆಂಗಸರು ಬೆನ್ನು ಮಾಡಿ ನಿಂತಿದ್ದರು. ಕಬ್ಬಿಣದ ಒನಕೆಗಳು ತಮ್ಮಷ್ಟಕ್ಕೆ ತಾವು ಕುಟ್ಟುತ್ತಿದ್ದವು, ಹತ್ತಿರ ಅಪ್ಪ ಇರಲಿಲ್ಲ. ಮೋಟರಿನ ಹಿಂದೆ, ಖಾಲಿ ಚೀಲಗಳನ್ನು ಒಟ್ಟಿದ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮುಖಕ್ಕೆ ಕಟ್ಟಿಕೊಂಡಿದ್ದ ಟವೆಲನ್ನು ಗದ್ದಕ್ಕೆ ಇಳಿಸಿಕೊಂಡು, ಎರಡೂ ಭುಜ ಮೇಲೆತ್ತಿಕೊಂಡು, ಕಣ್ಣು ಮುಚ್ಚಿ ನನ್ನ ನೀಲಿ ಪಂಪನ್ನು ಬಾಯಿಗಿಟ್ಟು ಒತ್ತುತ್ತಿದ್ದ. ಅಲುಗಾಡಿಸಲಿಲ್ಲ, ನಡುವೆ ಬಿಡುವು ಕೊಡಲಿಲ್ಲ, ಒಂದರ ಮೇಲೊಂದು ನಾಲ್ಕು ಸಲ ಒತ್ತಿದ. ಆ ಭುಜಗಳನ್ನು ನಾನು ಗುರುತಿಸಿದೆ. ನನ್ನ ಭುಜಗಳೂ ಹಾಗೇ ಏಳುತ್ತಿದ್ದವು.

ಅವನು ಕಣ್ಣು ತೆರೆದ. ನಾನು ಗೋಡೆ ಹಿಡಿದು ನಿಂತಿದ್ದೆ. ಎದ್ದು ಬಂದು ಪಂಪನ್ನು ನನ್ನ ಬಾಯಿಗೆ ಇಟ್ಟು ಒತ್ತಿದ. ಧೂಳಿನ ನಡುವೆ ಎಳೆದದ್ದು ಒಳಗೆ ಹೋಗಲಿಲ್ಲ, ಕೆಮ್ಮಿ ಕುಸಿದೆ. ಆಗ ಅಪ್ಪ ಮೋಟರ್ ಆರಿಸಿದ. ಒಬ್ಬರ ಖಾರವನ್ನು ಅರ್ಧಕ್ಕೆ ನಿಲ್ಲಿಸುವುದು ಅವನ ಪಾಲಿಗೆ ಉಣ್ಣುತ್ತಾ ಕೂತವರ ತಾಟು ಎಳೆದಂತೆ. ಅವನು ಹಾಗೆ ಮಾಡಿದ್ದನ್ನು ಅದೊಂದೇ ಸಲ ಕಂಡದ್ದು.

"ಯಾಕ ಶರಣಪ್ಪಣ್ಣ, ಬಂದ್ ಮಾಡಿದಿ?" ಎಂದಳು ಬುಟ್ಟಿಯ ಒಡತಿ.

"ಖಾರ ಅಲ್ಲೇ ಇರ್ಲಿ. ಮಗಳಿಗಿ ದವಾಖಾನಿಗಿ ಒಯ್ತೀನಿ" ಎಂದು ನನ್ನನ್ನು ಎತ್ತಿ ಮೋಟರ್ ಸೈಕಲ್ ಗಾಡಿಯ ಮೇಲೆ ಕೂರಿಸಿದ.

ಶಹಾಪುರದ ದವಾಖಾನೆಯಲ್ಲಿ ಅದೇ ಡಾಕ್ಟರು. ಮೂಗು ಬಾಯಿ ಮುಚ್ಚುವಂತೆ ಮುಖವಾಡ ಕಟ್ಟಿ ಔಷಧದ ಆವಿ ಕೊಟ್ಟರು, ಒಂದು ಇಂಜೆಕ್ಷನ್ ಕೊಟ್ಟರು. ಗೋಡೆಯ ಗಡಿಯಾರ ಒಂಬತ್ತೂ ಐವತ್ತು, ಹತ್ತೂ ಹತ್ತು, ಹತ್ತೂ ಇಪ್ಪತ್ತು ಎಂದು ಹೋಗುತ್ತಿತ್ತು, ಮುಖವಾಡದ ಒಳಗೇ ಪ್ರಮೇಯ ಹೇಳಿಕೊಳ್ಳುತ್ತಿದ್ದೆ. ಡಾಕ್ಟರು ಅಪ್ಪನ ಕಡೆ ತಿರುಗಿ, ಅವನ ಅಂಗಿಯ ಕೆಂಪು ನೋಡಿ, ರೆಪ್ಪೆಗಂಟಿದ ಖಾರ ನೋಡಿ, ಒಕ್ಕಲತನದಲ್ಲಿ ಇದು ಯಾವ ಬೆಳೆ ಎಂದು ಕೇಳಿದರು. ಅಪ್ಪ ಅಂಗಿ ಕೊಡವಿಕೊಂಡ. ಅವರು ಕೇಳದೆಯೇ ಅವನ ಅಂಗಿ ಮೇಲೆತ್ತಿ ಬೆನ್ನಿಗೆ ಸ್ಟೆತಾಸ್ಕೋಪು ಹಚ್ಚಿದರು. ಬಹಳ ಹೊತ್ತು ಕೇಳಿದರು.

"ಎಷ್ಟು ವರ್ಷ ಆತು ನಿಮಗ ಇದು?"

"ನನಗೇನೂ ಇಲ್ಲ ರಿ. ಆಕಿಗಿ ನೋಡ್ರಿ, ಪರೀಕ್ಷಿ ಅದ."

"ಆಕಿಗಿಂತ ನಿಮ್ಮದು ಕೆಟ್ಟದ. ನೀಲಿ ಪಂಪಿನ ಮ್ಯಾಲ ದಿನ ದೂಡಿದ್ರ ಒಂದಿನ ಅದೂ ಕೇಳಂಗಿಲ್ಲ." ಎರಡು ಚೀಟಿ ಬರೆದರು, ಒಂದು ನನ್ನ ಹೆಸರಿಗೆ, ಒಂದು ಅಪ್ಪನ ಹೆಸರಿಗೆ. ಎರಡರಲ್ಲೂ ಕಂದು ಪಂಪು.

ಪರೀಕ್ಷೆಯ ಕೋಣೆಗೆ ನಾನು ಹೋದಾಗ ಇಪ್ಪತ್ತು ನಿಮಿಷ ತಡವಾಗಿತ್ತು. ಕೈ ನಡುಗುತ್ತಿತ್ತು, ಆ ಔಷಧದ ಗುಣವೇ ಅದು. ವೃತ್ತಗಳು ಬದನೆಕಾಯಿಯ ಹಾಗೆ ಬಂದವು. ಆದರೂ ಬರೆದೆ. ಹೊರಗೆ ಬಂದರೆ ಅಪ್ಪ ಗೇಟಿನ ಎದುರು ಗಾಡಿಗೆ ಒರಗಿ ನಿಂತಿದ್ದ, ಮೂರು ಗಂಟೆ ಅಲ್ಲೇ ಇದ್ದನಂತೆ. ಕೈಯಲ್ಲಿ ಔಷಧದ ಚೀಲ. ನಾನು ಬೆಳಗಿನಿಂದ ಕಟ್ಟಿಟ್ಟುಕೊಂಡ ಮಾತು ಒಂದೆರಡಲ್ಲ. ನಿನಗೂ ಇದೇ ಇತ್ತಲ್ಲ, ನನ್ನ ಸಂಕಟ ನಿನಗೆ ಗೊತ್ತಿತ್ತಲ್ಲ, ಆದರೂ ಸುಮ್ಮನಿದ್ದೆಯಲ್ಲ, ನನ್ನನ್ನು ಕಳ್ಳಿ ಮಾಡಿದೆಯಲ್ಲ. ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಮಾದೇವಿ, ನೀ ಪಾಸ್ ಆಗು, ಬಿಡು, ಇಲ್ಲೇ ಹಾಸ್ಟೆಲ್ದಾಗ ಇದ್ದು ಓದು. ಆಯಿಗಿ ನಾ ಹೇಳ್ತೀನಿ. ಆ ಮನ್ಯಾಗ ನೀ ಇರೂದು ಬ್ಯಾಡ."

ಅಪ್ಪ ದನಿ ತಗ್ಗಿಸಿದ.

"ನಂದು ಮನ್ಯಾಗ ಹೇಳಬ್ಯಾಡ. ನಿಮ್ಮವ್ವಗ ಗೊತ್ತಾದ್ರ ಗಿರಣಿ ಬಂದ್ ಮಾಡಸ್ತಾಳ. ನನಗ ಬ್ಯಾರೆ ಕೆಲಸ ಬರಂಗಿಲ್ಲ ಯವ್ವಾ."

ಎಲ್ಲರೂ ಬಾಯಿ ಮುಚ್ಚಿಕೊಂಡೇ ನನ್ನ ಉಸಿರು ಕಟ್ಟಿಸುತ್ತಿದ್ದಾರೆ ಎಂದು ಮೂರು ವರ್ಷ ಹಲ್ಲು ಕಡಿದವಳು ನಾನು. ಒಂದು ಕ್ಷಣವೂ ಯೋಚಿಸದೆ ಹೂಂ ಅಂದೆ. ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟ. ಅದರಲ್ಲಿ ಎರಡು ಕಂದು ಪಂಪು ಇದ್ದವು. ನಿನ್ನದು ಎಂದು ಒಂದನ್ನು ವಾಪಸು ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಎರಡೂ ನಿನಗ ಇರ್ಲಿ. ಒಂದು ಮುಗದ ಮ್ಯಾಲ ಒಂದು."

ಗಣಿತದಲ್ಲಿ ಮೂವತ್ತೊಂಬತ್ತು ಬಂತು. ಹಾಸ್ಟೆಲಿನಲ್ಲಿ ನನ್ನ ಕಂದು ಪಂಪಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಲ್ಲುಜ್ಜುವ ಮೊದಲು ಒಮ್ಮೆ, ಸಂಜೆ ಊಟಕ್ಕೆ ಮೊದಲು ಒಮ್ಮೆ, ಬಾಯಿ ಮುಕ್ಕಳಿಸಿದರೆ ಮುಗಿಯಿತು. ಎರಡು ತಿಂಗಳಲ್ಲಿ ನೀಲಿ ಪಂಪು ಎಲ್ಲಿಟ್ಟೆನೆಂದು ಹುಡುಕುವ ಹಾಗಾಯಿತು. ಮೇಲಿನ ಮಹಡಿಗೆ ಎರಡೆರಡು ಮೆಟ್ಟಿಲು ಹಾರಿ ಓಡಿದ ದಿನ ನನಗೆ ಸಂತೋಷವಾಗಲಿಲ್ಲ, ವಿಪರೀತ ಸಿಟ್ಟು ಬಂತು. ಇಷ್ಟೇ ಆಗಿತ್ತೇ ಅನಿಸಿತು. ಎರಡು ಹೊತ್ತು ಎರಡೆರಡು ಸಲ ಎಳೆಯುವುದು, ಇಷ್ಟಕ್ಕಾಗಿ ನಾನು ದೇವರಿಗೆ ಕರೆಂಟ್ ಹೋಗಲೆಂದು ಬೇಡಿಕೊಳ್ಳಬೇಕಾಯಿತೇ. ಊರಿಗೆ ಹೋದಾಗಲೆಲ್ಲ ಅಪ್ಪನಿಗೆ ಕಂದು ಪಂಪು ಒಯ್ಯುತ್ತಿದ್ದೆ. ಚೀಲಗಳ ಸಂದಿಯಲ್ಲಿ ಗುಟ್ಟಾಗಿ ಕೊಟ್ಟು ಹೇಗೆ ತೆಗೆದುಕೊಳ್ಳಬೇಕೆಂದು ತೋರಿಸುತ್ತಿದ್ದೆ. ಒಂದು ವಾರ ತೆಗೆದುಕೊಳ್ಳುವನು, ಏನೂ ಆಗುವುದಿಲ್ಲ ಎಂದು ಬಿಡುವನು. ಜೋರು ಮಾಡಲು ನನಗೆ ಬಾಯಿಲ್ಲ, ಜೋರು ಮಾಡಿದರೆ ಅವ್ವನಿಗೆ ಕೇಳುತ್ತದೆ. ನಾನು ಬಿ.ಎಡ್. ಮುಗಿಸಿ ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿದ ಮರು ಬೇಸಿಗೆಯಲ್ಲಿ ಅಪ್ಪ ಹೋದ. ಖಾರದ ಮಷಿನಿನ ಹತ್ತಿರ, ಹಗಲು ಹೊತ್ತಿನಲ್ಲಿ, ಕೈಯಲ್ಲಿ ನೀಲಿ ಪಂಪು ಇತ್ತಂತೆ.

ಅವ್ವ ಈಗ ನನ್ನ ಜೊತೆ ಯಾದಗಿರಿಯಲ್ಲಿದ್ದಾಳೆ. ಹೋದ ಬೇಸಿಗೆಯ ಒಂದು ಬೆಳಿಗ್ಗೆ ನಾನು ಕಂದು ಪಂಪು ಎಳೆದು ಬಾಯಿ ಮುಕ್ಕಳಿಸಿ ಬಂದೆ, ಅವಳು ಮೆಂತ್ಯೆಪಲ್ಲೆ ಸೋಸುತ್ತಾ ಕೂತಿದ್ದಳು. ಏನು ತಿಳಿಯಿತೋ, ಎದುರಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಚೀಲಗಳ ಸಂದಿ, ಎರಡು ಚೀಟಿ, ಗೇಟಿನ ಮುಂದಿನ ಮಾತು, ನನ್ನ ಹೂಂ.

"ನನಗ ಶಹಾಪುರ ಬೇಕಾಗಿತ್ತವ್ವಾ. ಅದಕ್ಕ ನಿನಗ ಹೇಳಲಿಲ್ಲ" ಎಂದೆ.

ಅವ್ವ ಇನ್ನೊಂದು ಕಂತೆ ಬಿಚ್ಚಿದಳು.

"ಬಾಜೂಕ ಮಲಗಾಕಿ ನಾ. ಅವರ ಎದಿ ಸಪ್ಪಳ ನನಗ ಕೇಳಂಗಿಲ್ಲೇನು? ನೀ ಹಾಸ್ಟೆಲಿಗಿ ಹೋದ ವರ್ಷನ ಗೊತ್ತಾಗಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಗಿರಣಿ ನಿಂತ್ರ ಹಾಸ್ಟೆಲಿನ ರೊಕ್ಕ ಎಲ್ಲಿಂದ? ನಿನಗ ವಾಪಸ್ ಕರಕೋಬೇಕಾಗ್ತಿತ್ತು" ಎಂದು ಅವ್ವ ಸೋಸಿದ ಪಲ್ಲೆಯನ್ನು ಬುಟ್ಟಿಗೆ ಹಾಕಿದಳು.